ವಿದ್ಯಾರ್ಥಿಗಳ ಯಂತ್ರತೋಳಿಗೆ ಕೈನಿಯಂತ್ರಕ: ಕಟ್ಟುವ ಬಗೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಚನ್ನಗಿರಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಮರ ಏರುವವರು ಸಿಗುವುದು ಕಷ್ಟವಾದಂತೆಲ್ಲ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಳಕೆಗೆ ಬಂದಿವೆ. ನೆಲದ ಮೇಲೆ ನಿಂತವನ ಕೈಯಲ್ಲಿ ದೋಟಿಯ ಬುಡ. ಗೊನೆಯ ಬಳಿ ಅದರ ಕತ್ತಿ. ಕೈ ಇರುವುದು ಒಂದು ಕಡೆ, ಕೆಲಸ ನಡೆಯುವುದು ಇನ್ನೊಂದು ಕಡೆ. ಬುಡದಲ್ಲಿ ಕೈ ತುಸು ವಾಲಿದರೆ ತುದಿಯಲ್ಲಿ ಕತ್ತಿ ಎಷ್ಟು ದೂರ ಸರಿಯುತ್ತದೆ ಎಂಬ ಲೆಕ್ಕವನ್ನು ನುರಿತ ಕೊಯ್ಲುಗಾರ ಯಾವ ಪುಸ್ತಕದಿಂದಲೂ ಕಲಿತವನಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳು ಕಟ್ಟುವ ಯಂತ್ರತೋಳು ಮತ್ತು ಅದನ್ನು ಆಡಿಸುವ ಕೈನಿಯಂತ್ರಕ ಇದೇ ಲೆಕ್ಕದ ಇನ್ನೊಂದು ರೂಪ. ಆದ್ದರಿಂದ ಇದು ನಗರದ ಶಾಲೆಗಳಿಗೆ ಮಾತ್ರ ಸಲ್ಲುವ ವಿದ್ಯೆ ಎಂದು ಯಾವ ಸದಸ್ಯರೂ ಹಿಂಜರಿಯಬೇಕಾಗಿಲ್ಲ.

ಯಂತ್ರತೋಳು ಎಂದರೆ ಭುಜ, ಮೊಣಕೈ, ಮಣಿಕಟ್ಟು, ಹಿಡಿ ಎಂಬ ಕೀಲುಗಳುಳ್ಳ, ಮೋಟಾರುಗಳಿಂದ ಚಲಿಸುವ ಸಾಧನ. ಅದನ್ನು ಆಡಿಸಲು ಎರಡು ದಾರಿಗಳಿವೆ. ಒಂದು, ಕೀಲಿಗೊಂದರಂತೆ ಗುಂಡಿ ಅಥವಾ ಸನ್ನೆಗೋಲು ಇಟ್ಟು ತಿರುಗಿಸುವುದು. ಜೆಸಿಬಿ ಚಾಲಕ ಮಾಡುವುದು ಇದನ್ನೇ. ಎರಡನೆಯದು, ದೊಡ್ಡ ತೋಳಿನದೇ ಆಕಾರದ ಪುಟ್ಟ ಪಡಿಯಚ್ಚು ತೋಳೊಂದನ್ನು ಮಾಡಿ ಅದನ್ನು ಕೈಯಿಂದ ಬಾಗಿಸುವುದು. ಪುಟ್ಟ ತೋಳಿನ ಮೊಣಕೈ ಬಾಗಿದರೆ ದೊಡ್ಡದರ ಮೊಣಕೈಯೂ ಬಾಗುತ್ತದೆ. ಸೂತ್ರದ ಗೊಂಬೆಯನ್ನು ಆಡಿಸುವವನ ಬೆರಳಿಗೂ ಗೊಂಬೆಯ ಕೈಗೂ ಇರುವ ಸಂಬಂಧವೇ ಇಲ್ಲಿಯೂ ಇದೆ. ಸೂತ್ರದ ಜಾಗದಲ್ಲಿ ಮಾತ್ರ ತಂತಿ ಇರುತ್ತದೆ.

ಈ ಎರಡನೆಯ ದಾರಿಯ ಹುಟ್ಟು ಗಂಭೀರವಾದ ಅಗತ್ಯವೊಂದರಲ್ಲಿದೆ. ಅಮೆರಿಕದ ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1940ರ ದಶಕದ ಕೊನೆಯ ವರ್ಷಗಳಲ್ಲಿ ರೇಮಂಡ್ ಗೋರ್ಟ್ಸ್ ಎಂಬ ಎಂಜಿನಿಯರ್, ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯ ಆಚೆಯಿಂದ ಮುಟ್ಟದೆ ನಿರ್ವಹಿಸಲು ಇಂಥ ಜೋಡಿ ತೋಳುಗಳನ್ನು ರೂಪಿಸಿದರು. ಕೆಲಸಗಾರ ಈಚೆ ನಿಂತು ಕೈ ಆಡಿಸುತ್ತಿದ್ದ. ಗೋಡೆಯಾಚೆಯ ಲೋಹದ ಕೈ ಅದನ್ನೇ ಅನುಸರಿಸುತ್ತಿತ್ತು. ನಮ್ಮ ದೇಶದಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವೂ ಇಂಥ ತೋಳುಗಳನ್ನು ನಿರ್ಮಿಸಿಕೊಂಡಿದೆ. 1981ರಲ್ಲಿ ಬಾಹ್ಯಾಕಾಶ ನೌಕೆಯೊಡನೆ ಮೇಲೇರಿದ ಕೆನಡಾದ ಯಂತ್ರತೋಳನ್ನು ಗಗನಯಾತ್ರಿಗಳು ಕೈಪಿಡಿಗಳಿಂದಲೇ ನಡೆಸಿದರು. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಕೊನೆಯ ಹಂತದಲ್ಲಿಯೂ ಪ್ರಯೋಗಾರ್ಥವಾಗಿ ಯಂತ್ರತೋಳುಗಳಿದ್ದವು. ಮನುಷ್ಯನ ಕೈಗೆ ಅಪಾಯವಿರುವ ಅಥವಾ ಕೈ ತಲುಪದ ಜಾಗಕ್ಕೆ ಕೈಯ ಕೌಶಲವನ್ನು ಮಾತ್ರ ಕಳುಹಿಸುವ ಉಪಾಯ ಇದು.

ಇನ್ನು ಶಾಲೆಯ ಮೇಜಿನ ಮೇಲಿನ ಸಂಗತಿ. ಅಲ್ಲಿ ಬೇಕಾದ ಸಾಮಗ್ರಿ ಬಹಳವಿಲ್ಲ. ಆರ್ಡುಯಿನೋ ಊನೋ ಎಂಬ ಅಂಗೈ ಅಗಲದ ನಿಯಂತ್ರಣ ಫಲಕ ಒಂದು, ನಾಲ್ಕು ಸರ್ವೋ ಮೋಟಾರು, ನಾಲ್ಕು ಪೊಟೆನ್ಶಿಯೋಮೀಟರು, ತಂತಿ, ಸ್ಕ್ರೂ, ತೆಳು ಪ್ಲೈವುಡ್ ಅಥವಾ ದಪ್ಪ ರಟ್ಟು. ಪೊಟೆನ್ಶಿಯೋಮೀಟರ್ ಎಂಬ ಹೆಸರು ಹೊಸದಾಗಿ ಕೇಳಿಸಿದರೂ ವಸ್ತು ಹೊಸದಲ್ಲ; ಹಳೆಯ ರೇಡಿಯೊದಲ್ಲಿ ಧ್ವನಿಯನ್ನು ಏರಿಸಿ ಇಳಿಸುತ್ತಿದ್ದ ಗುಂಡಿಯ ಹಿಂದೆ ಇರುತ್ತಿದ್ದುದು ಅದೇ. ಅದಕ್ಕೆ ಮೂರು ಕಾಲುಗಳು. ಹೊನ್ನಾಳಿ, ಚನ್ನಗಿರಿ ಕಡೆಯ ಸದಸ್ಯರಿಗೆ ನಾಲೆಯ ಹೋಲಿಕೆ ಸುಲಭವಾಗಿ ಒಪ್ಪುತ್ತದೆ. ಒಂದು ಹೊರಗಾಲು ನಾಲೆಯ ತಲೆಭಾಗವಿದ್ದಂತೆ, ಅಲ್ಲಿ 5 ವೋಲ್ಟ್ ಇರುತ್ತದೆ. ಇನ್ನೊಂದು ಕೊನೆಭಾಗ, ಅಲ್ಲಿ ಸೊನ್ನೆ. ನಡುವಿನ ಕಾಲು ಎಲ್ಲಿ ಬೇಕಾದರೂ ಸರಿಸಬಹುದಾದ ತೂಬು. ತೂಬು ತಲೆಭಾಗಕ್ಕೆ ಹತ್ತಿರವಾದಷ್ಟೂ ಮಟ್ಟ ಹೆಚ್ಚು, ಕೊನೆಭಾಗಕ್ಕೆ ಸರಿದಷ್ಟೂ ಕಡಿಮೆ. ಆರ್ಡುಯಿನೋ ಈ ಮಟ್ಟವನ್ನು ಅಳೆದು 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ಓದುತ್ತದೆ. ಪುಟ್ಟ ತೋಳಿನ ಪ್ರತಿ ಕೀಲಿನಲ್ಲಿಯೂ ಇಂಥದೊಂದನ್ನು ಕೂರಿಸಿದರೆ ಕೀಲು ಎಷ್ಟು ಬಾಗಿದೆಯೆಂಬುದು ಅಂಕಿಯಾಗಿ ದೊರೆಯುತ್ತದೆ.

ಆ ಅಂಕಿಯನ್ನು ಫಲಕವು ಸರ್ವೋ ಮೋಟಾರಿಗೆ ಆಜ್ಞೆಯಾಗಿ ಮಾರ್ಪಡಿಸುತ್ತದೆ. ಸೆಕೆಂಡಿಗೆ 50 ಬಾರಿ ಕಿರಿದಾದ ವಿದ್ಯುತ್ ಮಿಡಿತವೊಂದು ಮೋಟಾರಿಗೆ ಹೋಗುತ್ತದೆ. ಮಿಡಿತದ ಅವಧಿ ಸುಮಾರು 1 ಮಿಲಿಸೆಕೆಂಡ್ ಆದರೆ ಮೋಟಾರು ಒಂದು ತುದಿಗೆ, 2 ಆದರೆ ಇನ್ನೊಂದು ತುದಿಗೆ, ಒಂದೂವರೆಯಾದರೆ ನಡುವಿಗೆ ತಿರುಗಿ ನಿಲ್ಲುತ್ತದೆ. ಸ್ವಾರಸ್ಯವೆಂದರೆ, ಸರ್ವೋ ಮೋಟಾರಿನ ಹೊಟ್ಟೆಯೊಳಗೂ ಪುಟ್ಟ ಪೊಟೆನ್ಶಿಯೋಮೀಟರೊಂದು ಕುಳಿತಿದೆ. ತಾನು ಎಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು ಎಂಬುದನ್ನು ಅದು ಸದಾ ಹೋಲಿಸುತ್ತಿರುತ್ತದೆ.

ಇಷ್ಟನ್ನು ಜೋಡಿಸಿದ ಮಕ್ಕಳು ಮೊದಲ ದಿನವೇ ಎಡವುವ ಜಾಗಗಳಿವೆ, ಮತ್ತು ಕಲಿಕೆ ಇರುವುದು ಅಲ್ಲಿಯೇ. ಸದಸ್ಯರು ಶಾಲೆಗೆ ಭೇಟಿಯಿತ್ತಾಗ ‘ಕೆಲಸ ಮಾಡುತ್ತದೆಯೇ’ ಎಂದು ಕೇಳುವುದಕ್ಕಿಂತ ‘ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದಿರಿ’ ಎಂದು ಕೇಳುವುದು ಲೇಸು.

ಮೊದಲನೆಯ ತೊಡಕು ಅಳತೆಯದು. ಪೊಟೆನ್ಶಿಯೋಮೀಟರು ಸಾಮಾನ್ಯವಾಗಿ ಸುಮಾರು 270 ಡಿಗ್ರಿ ತಿರುಗುತ್ತದೆ. ಸರ್ವೋ ತಿರುಗುವುದು 180. ವಿದ್ಯಾರ್ಥಿಗಳು 0–1023ನ್ನು ನೇರವಾಗಿ 0–180ಕ್ಕೆ ಹೊಂದಿಸಿಬಿಡುತ್ತಾರೆ. ಆಗ ಪುಟ್ಟ ತೋಳಿನ ಮೊಣಕೈಯನ್ನು 90 ಡಿಗ್ರಿ ಬಾಗಿಸಿದರೆ ಅಂಕಿ ಬದಲಾಗುವುದು ಸುಮಾರು 341ರಷ್ಟು ಮಾತ್ರ. ದೊಡ್ಡ ತೋಳು ಬಾಗುವುದು 60 ಡಿಗ್ರಿಯಷ್ಟೆ. ಕೈ ಒಂದು ಹೇಳುತ್ತದೆ, ತೋಳು ಇನ್ನೊಂದು ಮಾಡುತ್ತದೆ. ಯಂತ್ರ ಕೆಟ್ಟಿದೆಯೆಂದು ಮಕ್ಕಳು ಮೋಟಾರನ್ನು ಬದಲಾಯಿಸುತ್ತಾರೆ, ತಂತಿಯನ್ನು ಎಳೆದು ನೋಡುತ್ತಾರೆ. ಕೆಟ್ಟಿರುವುದು ತ್ರೈರಾಶಿ. ಪುಟ್ಟ ತೋಳನ್ನು ಅದು ನಿಜವಾಗಿ ಚಲಿಸುವ ಎರಡು ತುದಿಗಳಿಗೆ ಒಯ್ದು, ಆ ಎರಡು ಅಂಕಿಗಳನ್ನು ಬರೆದುಕೊಂಡು, ಅವುಗಳ ನಡುವಿನ ಅಂತರವನ್ನು 90 ಡಿಗ್ರಿಗೆ ಹೊಂದಿಸಿದರೆ ಕೈಯೂ ತೋಳೂ ಒಂದಾಗುತ್ತವೆ. ಗಣಿತದ ಪಾಠ ಕಣ್ಣೆದುರಿಗೆ ಚಲಿಸುವುದನ್ನು ಕಂಡ ವಿದ್ಯಾರ್ಥಿಗೆ ಅನುಪಾತ ಎಂಬ ಪದವನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಎರಡನೆಯದು ಭಾರದ್ದು. ಶಾಲೆಗಳಿಗೆ ಬರುವ ನೀಲಿ ಬಣ್ಣದ ಪುಟ್ಟ ಸರ್ವೋ, ಅಂದರೆ ಎಸ್‌ಜಿ90, ತೂಗುವುದು 9 ಗ್ರಾಂ. ಅದರ ತಿರುಗುಬಲ 1.8 ಕಿಲೋಗ್ರಾಂ-ಸೆಂಟಿಮೀಟರ್. ಅಕ್ಷದಿಂದ 1 ಸೆಂಟಿಮೀಟರ್ ದೂರದಲ್ಲಿ 1.8 ಕಿಲೋ ಎತ್ತುವ ಈ ಮೋಟಾರು 10 ಸೆಂಟಿಮೀಟರ್ ದೂರದಲ್ಲಿ ಎತ್ತುವುದು 180 ಗ್ರಾಂ ಮಾತ್ರ. ಈಗ 20 ಸೆಂಟಿಮೀಟರ್ ಉದ್ದದ ತೋಳು, ತುದಿಯಲ್ಲಿ 50 ಗ್ರಾಂ ತೂಕದ ಒಂದು ವಸ್ತು ಎಂದಿಟ್ಟುಕೊಂಡರೆ ಬೇಕಾಗುವ ತಿರುಗುಬಲ 1 ಕಿಲೋಗ್ರಾಂ-ಸೆಂಟಿಮೀಟರ್. ತೋಳಿನ ಸ್ವಂತ ತೂಕ 100 ಗ್ರಾಂ, ಅದು ನಡುವಿನಲ್ಲಿ ಅಂದರೆ 10 ಸೆಂಟಿಮೀಟರಿನಲ್ಲಿ ಬೀಳುವುದರಿಂದ ಇನ್ನೊಂದು 1. ಒಟ್ಟು 2. ಮೋಟಾರಿನ ಶಕ್ತಿ 1.8. ತೋಳು ಏಳುವುದಿಲ್ಲ, ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಇದಕ್ಕೆ ಪರಿಹಾರ ಎರಡು. ಭುಜಕ್ಕೆ ದೊಡ್ಡ ಮೋಟಾರು ಹಾಕುವುದು ಒಂದು. ಇನ್ನೊಂದು ಹಣ ಬೇಡದ ಪರಿಹಾರ. ಬಾವಿಯ ಏತಕ್ಕೆ ಹಿಂಬದಿಯಲ್ಲಿ ಕಲ್ಲು ಕಟ್ಟುತ್ತಿದ್ದುದನ್ನು ಹಿರಿಯ ಸದಸ್ಯರು ಬಲ್ಲರು. ಅದೇ ರೀತಿ ತೋಳಿನ ಹಿಂಬದಿಗೆ ಒಂದಿಷ್ಟು ಉದ್ದ ಬಿಟ್ಟು ನಟ್ಟು-ಬೋಲ್ಟು ಕಟ್ಟಿದರೆ ತೋಳಿನ ಸ್ವಂತ ಭಾರ ಸರಿದೂಗುತ್ತದೆ. ಮೋಟಾರು ವಸ್ತುವಿನ ಭಾರವನ್ನಷ್ಟೇ ಹೊರುತ್ತದೆ. ಜಗಳೂರಿನ ಬಯಲಿನಲ್ಲಿ ಈಗ ಏತಗಳಿಲ್ಲ, ನೀರು ಕೊಳವೆಬಾವಿಯ ಆಳಕ್ಕೆ ಇಳಿದಿದೆ. ಆದರೂ ಊರಿನ ಅಜ್ಜನೊಬ್ಬನನ್ನು ಶಾಲೆಗೆ ಕರೆಸಿ ಏತ ಹೇಗಿತ್ತೆಂದು ಹೇಳಿಸಿದರೆ ಅದು ವಿಜ್ಞಾನದ ತರಗತಿಯೇ ಆಗುತ್ತದೆ.

ಮೂರನೆಯದು ವಿದ್ಯುತ್ತಿನದು. ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದ ಫಲಕಕ್ಕೆ ದೊರೆಯುವ ವಿದ್ಯುತ್ ಸಾಮಾನ್ಯವಾಗಿ ಅರ್ಧ ಆಂಪಿಯರ್. ನಾಲ್ಕು ಮೋಟಾರುಗಳು ಒಮ್ಮೆಗೇ ಎಳೆದಾಗ ಅದು ಸಾಲದು. ಫಲಕ ನಿಂತು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ತೋಳು ಸನ್ನಿ ಹಿಡಿದಂತೆ ಕುಣಿಯುತ್ತದೆ. ಮೋಟಾರುಗಳಿಗೆ ಪ್ರತ್ಯೇಕ 5 ವೋಲ್ಟ್ ಮೂಲ ಬೇಕು, ಮತ್ತು ಆ ಮೂಲದ ಋಣತಂತಿಯನ್ನು ಫಲಕದ ಋಣತಂತಿಗೆ ಸೇರಿಸಬೇಕು. ಈ ಒಂದು ತಂತಿಯನ್ನು ಮರೆತು ದಿನವಿಡೀ ತಲೆಕೆಡಿಸಿಕೊಳ್ಳುವುದು ಸರ್ವೇಸಾಮಾನ್ಯ. ಊರಿನಲ್ಲಿ ಟಿವಿ, ಮಿಕ್ಸಿ ರಿಪೇರಿ ಮಾಡುವವರಿದ್ದರೆ ಅವರು ಇದನ್ನು ಒಂದು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಅಂಥವರನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಯುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಬೆಳೆಯಬೇಕು.

ನಡುಕದ ಮಾತೂ ಇದೆ. ಕೈ ನಿಶ್ಚಲವಾಗಿದ್ದರೂ ಅಂಕಿ ಎರಡು ಮೂರು ಮನೆ ಹಿಂದೆಮುಂದೆ ಆಡುತ್ತದೆ, ತೋಳು ನಡುಗುತ್ತದೆ. ಹತ್ತು ಬಾರಿ ಓದಿ ಸರಾಸರಿ ತೆಗೆಯುವುದು, ಸಣ್ಣ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದಿರುವುದು ಇದಕ್ಕೆ ಮದ್ದು. ಸುರಕ್ಷತೆಯ ದೃಷ್ಟಿಯಿಂದ ಇನ್ನೊಂದು ಎಚ್ಚರಿಕೆ ಅಗತ್ಯ: ವಿದ್ಯುತ್ ಕೊಟ್ಟ ಕ್ಷಣ ದೊಡ್ಡ ತೋಳು ಪುಟ್ಟ ತೋಳಿನ ಭಂಗಿಗೆ ಒಮ್ಮೆಲೇ ಜಿಗಿಯುತ್ತದೆ. ಬೆರಳೋ ಕಣ್ಣೋ ಹತ್ತಿರವಿದ್ದರೆ ಪೆಟ್ಟು ತಪ್ಪದು. ಮೋಟಾರುಗಳ ವಿದ್ಯುತ್ತನ್ನು ತಟ್ಟನೆ ಕಡಿಯುವ ಕೆಂಪು ಸ್ವಿಚ್ಚು ಕೈಗೆ ಸಿಗುವಂತಿರಬೇಕು. ತೋಳು ನಿಧಾನವಾಗಿ ಮಾತ್ರ ಹೊರಡುವಂತೆ ಆಜ್ಞಾವಳಿಯನ್ನೂ ಬರೆದಿರಬೇಕು. ಸ್ವಿಚ್ಚು ಇಲ್ಲದ ತೋಳಿನ ಪ್ರದರ್ಶನಕ್ಕೆ ಸದಸ್ಯರು ಒಪ್ಪಿಗೆ ಕೊಡದಿರುವುದೇ ಸರಿ.

ಕಂಪ್ಯೂಟರೂ ಇಲ್ಲದ, ವಿದ್ಯುತ್ತೂ ನೆಚ್ಚಿಕೆಯಿಲ್ಲದ ಶಾಲೆಯಲ್ಲಿ ಏನು ಮಾಡಬೇಕು? ಅಲ್ಲಿ ಸಿರಿಂಜಿನ ತೋಳು ಇದೆ. ಎರಡು ಸಿರಿಂಜುಗಳನ್ನು ಸಣ್ಣ ಕೊಳವೆಯಿಂದ ಸೇರಿಸಿ ನೀರು ತುಂಬಿ, ಒಂದನ್ನು ಒತ್ತಿದರೆ ಇನ್ನೊಂದು ಮುಂದೆ ಚಾಚುತ್ತದೆ. ಪ್ಯಾಸ್ಕಲ್ ನಿಯಮ ಇದು. ಜೆಸಿಬಿಯ ತೋಳನ್ನು ಎತ್ತುವ ಎಣ್ಣೆಯ ಒತ್ತಡದಲ್ಲಿಯೂ ಇದೇ ನಿಯಮವಿದೆ. ಒತ್ತುವ ಸಿರಿಂಜಿಗಿಂತ ಆಚೆಯದರ ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಿದ್ದರೆ ಬಲ ಎರಡು ಪಟ್ಟಾಗುತ್ತದೆ, ಚಲನೆ ಅರ್ಧವಾಗುತ್ತದೆ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ಒತ್ತಡವನ್ನು ಗುಳ್ಳೆಯೇ ನುಂಗುತ್ತದೆ. ಸಿರಿಂಜುಗಳು ಅಂಗಡಿಯಿಂದ ಕೊಂಡ ಹೊಸವೇ ಆಗಿರಬೇಕು, ಸೂಜಿಯಿಲ್ಲದವಾಗಿರಬೇಕು. ಆಸ್ಪತ್ರೆಯಲ್ಲಿ ಬಳಸಿ ಬಿಸುಟದ್ದನ್ನು ಮಕ್ಕಳು ಆಯ್ದು ತರುವಂತಾಗಬಾರದು. ಈ ಮಾತನ್ನು ಪಂಚಾಯಿತಿಯಿಂದಲೇ ಶಾಲೆಗಳಿಗೆ ತಿಳಿಸುವುದು ಒಳ್ಳೆಯದು.

ಸಿರಿಂಜಿನ ತೋಳನ್ನು ಬಡವರ ಮಾದರಿಯೆಂದು ತಳ್ಳಿಹಾಕುವ ರೂಢಿ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಇದೆ. ಅದು ಸರಿಯಲ್ಲ. ಒಂದು ವಿಷಯದಲ್ಲಿ ಅದು ವಿದ್ಯುತ್ ತೋಳಿಗಿಂತ ಮೇಲು. ಮೇಲೆ ವಿವರಿಸಿದ ವಿದ್ಯುತ್ ನಿಯಂತ್ರಕದಲ್ಲಿ ಆಜ್ಞೆ ಹೋಗುತ್ತದೆಯೇ ಹೊರತು ಏನೂ ಹಿಂದಕ್ಕೆ ಬರುವುದಿಲ್ಲ. ಹಿಡಿಯಲ್ಲಿ ಸಿಕ್ಕಿದ್ದು ಟೊಮೆಟೊ ಹಣ್ಣೋ ಕಲ್ಲೋ ಎಂಬುದು ಆಡಿಸುವ ಕೈಗೆ ತಿಳಿಯದು. ಹಣ್ಣು ಅಪ್ಪಚ್ಚಿಯಾದ ಮೇಲೆ ಕಣ್ಣಿಗೆ ಕಾಣುತ್ತದೆ. ಸಿರಿಂಜಿನಲ್ಲಿ ಹಾಗಲ್ಲ. ಆಚೆ ಏನಾದರೂ ಎದುರಾದರೆ ಈಚೆಯ ಹೆಬ್ಬೆರಳಿಗೆ ಬಿಗಿ ತಾಗುತ್ತದೆ. ಗೋರ್ಟ್ಸ್ ಕಟ್ಟಿದ ಯಾಂತ್ರಿಕ ಜೋಡಿತೋಳುಗಳಲ್ಲಿ ಈ ಸ್ಪರ್ಶದ ಅರಿವು ಇತ್ತು. ವಿದ್ಯುತ್ತಿನ ಮಾದರಿಗೆ ಬಂದಾಗ ಅದನ್ನು ಬೇರೆ ಉಪಾಯದಿಂದ ಮರಳಿ ತರಬೇಕಾಯಿತು. ಇಂದಿಗೂ ಎಂಜಿನಿಯರುಗಳು ದುಡಿಯುತ್ತಿರುವ ಪ್ರಶ್ನೆ ಇದು. ಆದುದರಿಂದ ಸಾಧ್ಯವಿದ್ದಲ್ಲಿ ಒಂದೇ ಶಾಲೆಯಲ್ಲಿ ಎರಡನ್ನೂ ಕಟ್ಟಿಸಿ, ಒಂದೇ ಟೊಮೆಟೊವನ್ನು ಎರಡರಿಂದಲೂ ಎತ್ತಿಸಿ ನೋಡುವುದು ಉತ್ತಮ.

ಈಗ ಪಂಚಾಯಿತಿಯ ಹೊಣೆಯ ವಿಚಾರ. ಇದು ಶಿಕ್ಷಣ ಇಲಾಖೆಯ ಕೆಲಸ, ನಮಗೇನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಬಂದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಒಳಗೊಂಡ ಶಿಕ್ಷಣ, 18ನೆಯದು ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ, 20ನೆಯದು ಗ್ರಂಥಾಲಯ. ಶಿಕ್ಷಣದ ವಿಷಯ ಗ್ರಾಮ ಪಂಚಾಯಿತಿಯ ಸೌಕರ್ಯ ಸಮಿತಿಯ ವ್ಯಾಪ್ತಿಗೂ ಬರುತ್ತದೆ. ಪಾಠ ಹೇಳುವುದು ಶಿಕ್ಷಕರ ಕೆಲಸವೇ ಸರಿ. ಆದರೆ ಕೊಠಡಿ, ವಿದ್ಯುತ್, ಬೀಗದ ಕೈ ಎಂಬ ಮೂರು ಮಾತುಗಳಲ್ಲಿ ಪಂಚಾಯಿತಿ ಏನು ಮಾಡುತ್ತದೆಂಬುದರ ಮೇಲೆ ಪಾಠ ನಿಂತಿದೆ.

ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಿಂದ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸುತ್ತ ಬಂದಿದೆ. ಆಯ್ಕೆಯಾದ ಶಾಲೆಗೆ ಗರಿಷ್ಠ 20 ಲಕ್ಷ ರೂಪಾಯಿಯವರೆಗೆ ಅನುದಾನ ದೊರೆಯುತ್ತದೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಇಂಥ ಪ್ರಯೋಗಾಲಯಗಳನ್ನು ತೆರೆಯುವುದಾಗಿ 2025-26ರ ಕೇಂದ್ರ ಮುಂಗಡಪತ್ರ ಹೇಳಿದೆ. ಮೇಲೆ ಹೇಳಿದ ಸಾಮಗ್ರಿಯೆಲ್ಲ ಅಲ್ಲಿರುತ್ತದೆ. ಆದರೆ ಸಾಮಗ್ರಿ ಇದ್ದ ಮಾತ್ರಕ್ಕೆ ಮಕ್ಕಳ ಕೈಗೆ ಸಿಕ್ಕಿತೆಂದಲ್ಲ. ಕಳೆದುಹೋದೀತು, ಸುಟ್ಟುಹೋದೀತು, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದೀತು ಎಂಬ ಭಯದಿಂದ ಪೆಟ್ಟಿಗೆಗಳು ಬೀರುವಿನಲ್ಲಿಯೇ ಉಳಿಯುವುದುಂಟು. ಈ ಭಯ ಮುಖ್ಯಶಿಕ್ಷಕರದು ಎಂದು ದೂರಿ ಪ್ರಯೋಜನವಿಲ್ಲ. ಸುಟ್ಟ ಮೋಟಾರು ಕಲಿಕೆಯ ಖರ್ಚು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ನಡಾವಳಿಯಲ್ಲಿ ದಾಖಲಿಸಿದರೆ, ಪಂಚಾಯಿತಿ ಅದಕ್ಕೆ ಬೆಂಬಲವಾಗಿ ನಿಂತರೆ, ಬೀರು ತೆರೆಯುತ್ತದೆ.

ಖರೀದಿಯ ಪ್ರಸ್ತಾವ ಸಭೆಯ ಮುಂದೆ ಬಂದಾಗಲೂ ವಿವೇಚನೆ ಬೇಕು. ಸಿದ್ಧಪಡಿಸಿದ ಹೊಳೆಯುವ ರೋಬೋಟನ್ನು ತಂದಿಟ್ಟು, ಮೊಬೈಲಿನಲ್ಲಿ ಒತ್ತಿದರೆ ಕೈ ಕುಲುಕುವಂತೆ ಮಾಡಿ, ಉದ್ಘಾಟನೆಯ ಫೋಟೋ ತೆಗೆಸುವುದು ಸುಲಭ. ಆರು ತಿಂಗಳ ನಂತರ ಅದು ಕೆಟ್ಟಾಗ ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇರುವುದಿಲ್ಲ. ಅದರ ಬೆಲೆಯಲ್ಲಿ ಹತ್ತಾರು ತೋಳುಗಳನ್ನು ಮಕ್ಕಳೇ ಕಟ್ಟಬಹುದು. ಪುಟ್ಟ ಮೋಟಾರು, ಫಲಕ, ಪೊಟೆನ್ಶಿಯೋಮೀಟರು ಎಲ್ಲ ಸೇರಿ ಒಂದು ಚಿಕ್ಕ ತೋಳಿಗೆ ತಗಲುವ ವೆಚ್ಚ ಸಾಮಾನ್ಯವಾಗಿ ಎರಡು ಸಾವಿರ ರೂಪಾಯಿಯ ಆಸುಪಾಸು. ಮಾರಾಟಗಾರನನ್ನು ಕೇಳಬೇಕಾದ್ದು ಇಷ್ಟೆ: ಬಿಡಿಭಾಗ ದಾವಣಗೆರೆಯಲ್ಲಿ ಸಿಗುತ್ತದೆಯೇ, ಆಜ್ಞಾವಳಿಯನ್ನು ಮಕ್ಕಳು ತೆರೆದು ತಿದ್ದಲು ಬರುತ್ತದೆಯೇ? ಇಲ್ಲವೆಂಬ ಉತ್ತರ ಬಂದರೆ ಪ್ರಸ್ತಾವವನ್ನು ಹಿಂದಿರುಗಿಸಬಹುದು.

ಶಾಲೆ ಮುಗಿದ ಮೇಲಿನ ಹೊತ್ತಿಗೆ ಪಂಚಾಯಿತಿಯ ಅರಿವು ಕೇಂದ್ರಗಳಿವೆ. ಕಂಪ್ಯೂಟರಿರುವ ಕೇಂದ್ರದಲ್ಲಿ ಆರ್ಡುಯಿನೋ ತಂತ್ರಾಂಶವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಶನಿವಾರ ಮಧ್ಯಾಹ್ನ ಎರಡು ಗಂಟೆ ಒಂದು ಮೇಜನ್ನು ಬಿಟ್ಟುಕೊಟ್ಟರೆ ಸಾಕು. ದಾವಣಗೆರೆಯ ಯುಬಿಡಿಟಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಊರುಗಳ ಮಕ್ಕಳೇ ರಜೆಗೆ ಮನೆಗೆ ಬರುತ್ತಾರೆ. ಅವರನ್ನು ಕೇಳಿದರೆ ಇಲ್ಲವೆನ್ನಲಾರರು. ಹತ್ತನೆಯ ತರಗತಿಯ ನಂತರ ಐಟಿಐಗೆ ಹೋಗುವ ಮಕ್ಕಳಿಗೂ ಇದು ನೆರವಾಗುತ್ತದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದಾಗ ಕಾರ್ಖಾನೆಯ ರೋಬೋಟುಗಳೂ ಅಲ್ಲಿಗೆ ಬಂದವು. ಕೀಲು, ಕೋನ, ಭಾರದ ಪರಿಚಯವಿರುವ ವಿದ್ಯಾರ್ಥಿ ಅಲ್ಲಿ ಮೊದಲ ದಿನ ಬೆಚ್ಚುವುದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಬಿಡಿಸಿ ಹೇಳಬೇಕು. ಗುಂಪು ಚಟುವಟಿಕೆಯಲ್ಲಿ ಹುಡುಗರು ಸ್ಕ್ರೂಡ್ರೈವರ್ ಹಿಡಿಯುವುದು, ಹುಡುಗಿಯರು ಚಾರ್ಟ್ ಬರೆಯುವುದು ಯಾರೂ ಹೇಳದೆಯೇ ನಡೆದುಹೋಗುತ್ತದೆ. ಪ್ರದರ್ಶನದ ದಿನ ಸದಸ್ಯರು, ಅದರಲ್ಲಿಯೂ ಪಂಚಾಯಿತಿಗಳಲ್ಲಿ ಅರ್ಧದಷ್ಟಿರುವ ಮಹಿಳಾ ಸದಸ್ಯರು, ನಿಯಂತ್ರಕವನ್ನು ಬಿಚ್ಚಿ ಮತ್ತೆ ಜೋಡಿಸಲು ಹುಡುಗಿಯೊಬ್ಬಳನ್ನು ಕೇಳಲಿ. ಮಕ್ಕಳ ಗ್ರಾಮಸಭೆಯಲ್ಲಿ ಈ ಪ್ರಯೋಗಾಲಯದ ಕುಂದುಕೊರತೆಯನ್ನು ಮಕ್ಕಳ ಬಾಯಿಂದಲೇ ಕೇಳುವುದಕ್ಕೂ ಅವಕಾಶವಿರಲಿ.

ಇಷ್ಟೆಲ್ಲ ಶ್ರಮ ಆಟಿಕೆಗಾಗಿಯೇ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿಯಾರು. ಒಳಚರಂಡಿ ಮತ್ತು ಶೌಚಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ವಿಷಾನಿಲಕ್ಕೆ ಸಿಕ್ಕಿ ಸತ್ತವರ ಸುದ್ದಿ ನಿಂತಿಲ್ಲ. 2018ರಲ್ಲಿ ತಿರುವನಂತಪುರದಲ್ಲಿ ಬ್ಯಾಂಡಿಕೂಟ್ ಎಂಬ ಯಂತ್ರ ಬಳಕೆಗೆ ಬಂದಿತು. ಜೆನ್‌ರೋಬೋಟಿಕ್ಸ್ ಎಂಬ ಸಂಸ್ಥೆಯ ಯುವ ಎಂಜಿನಿಯರುಗಳು ರೂಪಿಸಿದ ಇದರ ತೋಳು ಮ್ಯಾನ್‌ಹೋಲಿನೊಳಗೆ ಇಳಿದು ಹೂಳೆತ್ತುತ್ತದೆ; ಕಾರ್ಮಿಕ ಮೇಲೆ ನಿಂತು ಪರದೆಯನ್ನು ನೋಡುತ್ತ ಅದನ್ನು ಆಡಿಸುತ್ತಾನೆ. ಹಿಂದೆ ತಾವೇ ಗುಂಡಿಗಿಳಿಯುತ್ತಿದ್ದ ಕಾರ್ಮಿಕರಿಗೇ ಅದನ್ನು ನಡೆಸುವ ತರಬೇತಿ ಕೊಡಲಾಯಿತು. ಶಾಲೆಯ ತೋಳು 50 ಗ್ರಾಂ ಎತ್ತುತ್ತದೆ, ಹೂಳನ್ನಲ್ಲ. ಆದರೆ ಅಳತೆ ಹೊಂದಿಸುವ, ಭಾರ ಸರಿದೂಗಿಸುವ, ಕೆಂಪು ಸ್ವಿಚ್ಚು ಇಡುವ ಪ್ರಶ್ನೆಗಳು ಎರಡರಲ್ಲಿಯೂ ಇವೆ. ಅವನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಬಿಡಿಸಿದವರಿಗೆ ಮುಂದೆ ಅವು ಹೊಸವಾಗಿರುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ವ್ಯವಸ್ಥೆಯ ಮಾತು. ಹತ್ತನೆಯ ತರಗತಿಯವರು ಮಾರ್ಚ್ ಮುಗಿದೊಡನೆ ಶಾಲೆ ಬಿಡುತ್ತಾರೆ. ತೋಳನ್ನು ಕಟ್ಟಿದ ವಿದ್ಯೆಯೂ ಅವರೊಡನೆ ಹೊರಟುಹೋಗುತ್ತದೆ. ಪ್ರತಿ ಕೀಲಿನ ಎರಡು ತುದಿಗಳ ಅಂಕಿ, ತಂತಿಗಳ ಬಣ್ಣ, ಕೆಟ್ಟ ದಿನಾಂಕ, ಸರಿಪಡಿಸಿದ ಬಗೆ, ಇವನ್ನು ಕನ್ನಡದಲ್ಲಿ ಬರೆದಿಡುವ ಒಂದು ದಾಖಲೆ ಪುಸ್ತಕವನ್ನು ಪ್ರಯೋಗಾಲಯದಲ್ಲಿ ಇರಿಸಲು ಸೌಕರ್ಯ ಸಮಿತಿ ಸೂಚಿಸಲಿ. ಭೇಟಿಯ ದಿನ ಅದಕ್ಕೆ ಸಹಿ ಹಾಕಲಿ. ಪುಟ್ಟ ಮೋಟಾರುಗಳ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಬೇಗ ಮುರಿಯುವುದರಿಂದ ನಾಲ್ಕು ಹೆಚ್ಚುವರಿ ಮೋಟಾರುಗಳನ್ನು ಜೂನ್ ತಿಂಗಳಲ್ಲಿಯೇ ತರಿಸಿ, ಬೀರುವಿನ ಎರಡನೆಯ ಕೀಲಿಕೈಯೊಂದನ್ನು ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರ ಬಳಿ ಇರಿಸತಕ್ಕದ್ದು.